ಗಗನ ಮೊದಲೋ, ಭೂಮಿ ಮೊದಲೋ? — ಸುಣ್ಣಗಲ್ಲಿನ ಸೀಮೆಯಿಂದ ಒಂದು ವಿವೇಚನೆ

2023ನೆಯ ಇಸವಿಯ ಆಗಸ್ಟ್ 23ರಂದು ಭಾರತದ ಚಂದ್ರಯಾನ-3ರ ನೌಕೆಯು ಚಂದ್ರನ ದಕ್ಷಿಣ ಧ್ರುವದ ಕಡೆಯ ಪ್ರದೇಶದಲ್ಲಿ ಮೆಲ್ಲನೆ ಇಳಿದಾಗ ದೇಶಕ್ಕೆ ದೇಶವೇ ಪುಲಕಗೊಂಡಿತು. ಆ ಹರ್ಷದ ನಡುವೆಯೇ ಒಂದು ಹಳೆಯ ಪ್ರಶ್ನೆಯೂ ಮತ್ತೆ ತಲೆಯೆತ್ತಿತು. ಕುಡಿಯುವ ನೀರು ಕೆಟ್ಟಿರುವಾಗ, ಉಸಿರಾಡುವ ಗಾಳಿಯಲ್ಲಿ ಧೂಳು ತುಂಬಿರುವಾಗ, ಕಾಡು ಕರಗುತ್ತಿರುವಾಗ, ಆಕಾಶಕ್ಕೆ ಹಣ ಚೆಲ್ಲುವುದು ವಿವೇಕವೇ? ಮೊದಲು ಭೂಮಿಯನ್ನು ನೆಟ್ಟಗೆ ಮಾಡಿಕೊಂಡು ಆಮೇಲೆ ಗಗನಕ್ಕೆ ಕೈಚಾಚಬಾರದೇ?

ಇದು ರಾಜಧಾನಿಗಳಲ್ಲಿ ಕುಳಿತು ಚರ್ಚಿಸುವವರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಗೆ ಇದರೊಡನೆ ಹತ್ತಿರದ ನಂಟಿದೆ. ಈ ನಾಡು ಪರಿಸರದ ನೋವನ್ನು ಉಂಡಿದೆ. ಉಪಗ್ರಹದ ಫಲವನ್ನು ದೇಶದಲ್ಲಿಯೇ ಮೊದಮೊದಲು ಸವಿದ ಜಿಲ್ಲೆಗೂ ಸೇರಿದೆ. ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮಂಡಿಸಿ, ಬಳಿಕ ಉತ್ತರಪಕ್ಷವನ್ನು ಹೇಳಿ, ಕೊನೆಗೆ ಸಿದ್ಧಾಂತಕ್ಕೆ ಬರುವುದು ಶಾಸ್ತ್ರಪರಂಪರೆಯ ಕ್ರಮ. ಅದೇ ಕ್ರಮದಲ್ಲಿ ಈ ವಿಷಯವನ್ನು ವಿವೇಚಿಸುವುದು ಉಚಿತ.

ನೆಲದ ಸ್ವರೂಪ

ಕೋಟ್ಯಂತರ ವರ್ಷಗಳ ಹಿಂದೆ ಈ ಪ್ರದೇಶವು ಆಳವಿಲ್ಲದ ಒಂದು ಸಮುದ್ರದ ತಳವಾಗಿತ್ತು. ಅಲ್ಲಿ ಪದರ ಪದರವಾಗಿ ಕೂಡಿದ ಸುಣ್ಣದ ಕೆಸರೇ ಗಟ್ಟಿಗೊಂಡು ಇಂದಿನ ಸುಣ್ಣಗಲ್ಲಾಯಿತು. ಭೂವಿಜ್ಞಾನಿಗಳು ಈ ಶಿಲಾಸಮೂಹವನ್ನು ಭೀಮಾ ನದಿಯ ಹೆಸರಿನಿಂದಲೂ, ಅದರ ಸುಣ್ಣಗಲ್ಲಿನ ಸ್ತರವನ್ನು ಶಹಾಬಾದದ ಹೆಸರಿನಿಂದಲೂ ಕರೆಯುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖಣದಲ್ಲಿ ಉಕ್ಕಿದ ಲಾವಾರಸವು ಇದರ ಅನೇಕ ಭಾಗಗಳ ಮೇಲೆ ಹರಿದು ಹೆಪ್ಪುಗಟ್ಟಿತು. ಆ ಶಿಲೆ ಸವೆದು ಎರೆಮಣ್ಣಾಯಿತು. ಮೇಲಿನ ಎರೆಯಲ್ಲಿ ತೊಗರಿ, ಕೆಳಗಿನ ಕಲ್ಲಿನಲ್ಲಿ ಸಿಮೆಂಟು: ಈ ಸೀಮೆಯ ಬದುಕೆಲ್ಲವೂ ಈ ಎರಡು ಮಾತುಗಳಲ್ಲಿ ಅಡಗಿದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಶಹಾಬಾದದ ಹಾಸುಗಲ್ಲು ದೇಶದ ಎಷ್ಟೋ ಮನೆಗಳ, ರೈಲು ನಿಲ್ದಾಣಗಳ ನೆಲವನ್ನು ಅಲಂಕರಿಸಿದೆ. ನಿಜಾಮರ ಆಳ್ವಿಕೆಯ ಕಾಲದಲ್ಲಿಯೇ ಶಹಾಬಾದದಲ್ಲಿ ಸಿಮೆಂಟಿನ ಕಾರ್ಖಾನೆ ತಲೆಯೆತ್ತಿತು. 1968ರಲ್ಲಿ ವಾಡಿಯಲ್ಲಿ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂಗಳಲ್ಲಿ ದೊಡ್ಡ ಕಾರ್ಖಾನೆಗಳು ಬಂದವು. ಸಾವಿರಾರು ಕುಟುಂಬಗಳಿಗೆ ಅನ್ನವೂ ದೊರೆಯಿತು.

ಆದರೆ ಕಲ್ಲು ತನ್ನ ಬೆಲೆಯನ್ನೂ ಕೇಳುತ್ತದೆ. ಶುದ್ಧವಾದ ಸುಣ್ಣಗಲ್ಲನ್ನು ನೂರು ಪಾಲು ಸುಟ್ಟರೆ 56 ಪಾಲು ಸುಣ್ಣ ಉಳಿದು, 44 ಪಾಲು ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಗಾಳಿಯನ್ನು ಸೇರುತ್ತದೆ. ಇದು ರಸಾಯನಶಾಸ್ತ್ರದ ನಿಯಮ. ಎಂತಹ ಒಳ್ಳೆಯ ಕಾರ್ಖಾನೆಯೂ ಇದನ್ನು ಮೀರಲಾರದು. ಕುಲುಮೆಗೆ ಹಾಕಿದ ಕಲ್ಲಿದ್ದಲಿನ ಹೊಗೆ ಇದಕ್ಕೆ ಬೇರೆಯಾಗಿಯೇ ಸೇರುತ್ತದೆ. ಕಲ್ಲು ಸಿಡಿಸುವಾಗ, ಪುಡಿಮಾಡುವಾಗ, ಲಾರಿಗಳಲ್ಲಿ ಸಾಗಿಸುವಾಗ ಏಳುವ ಧೂಳು ಮನೆಯ ಮಾಳಿಗೆಯ ಮೇಲೂ ತೊಗರಿಯ ಎಲೆಯ ಮೇಲೂ ಕೂರುತ್ತದೆ. ಕಲ್ಲು ತೆಗೆದು ಬಿಟ್ಟ ಗುಂಡಿಗಳು ಬಾಯ್ದೆರೆದು ನಿಂತಿವೆ. ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟಿ, ಸೇಡಂ ಸೀಮೆಯನ್ನು ಹೊಕ್ಕು, ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿದು, ಶಹಾಬಾದದ ಆಸುಪಾಸಿನಲ್ಲಿ ಭೀಮೆಯನ್ನು ಕೂಡುವ ಕಾಗಿಣಾ ನದಿಯು ಬೇಸಿಗೆಯಲ್ಲಿ ಸೊರಗುತ್ತದೆ. 2020ರ ಅಕ್ಟೋಬರಿನಂತಹ ವರ್ಷದಲ್ಲಿ ಉಕ್ಕಿ ಊರುಗಳನ್ನೇ ಮುಳುಗಿಸುತ್ತದೆ.

ಪೂರ್ವಪಕ್ಷ

‘ಮೊದಲು ಭೂಮಿ’ ಎನ್ನುವವರ ವಾದಕ್ಕೆ ಬಲವಿಲ್ಲದೆ ಇಲ್ಲ. ಹಸಿದವನ ಮುಂದೆ ಚಂದ್ರನ ವರ್ಣನೆ ಮಾಡುವುದು ಧರ್ಮವಲ್ಲ ಎಂಬುದು ಅವರ ಮೊದಲ ಮಾತು. ಹಣವೆಂಬುದು ಮಿತವಾದ ವಸ್ತು. ಒಂದೆಡೆ ಹಾಕಿದುದು ಇನ್ನೊಂದೆಡೆ ಇರಲಾರದು ಎಂಬುದು ಎರಡನೆಯ ಮಾತು. ಪರಿಸರದ ಕೆಡುಕು ಕಾಯುವುದಿಲ್ಲ, ಚಂದ್ರನು ಕಾಯುತ್ತಾನೆ ಎಂಬುದು ಮೂರನೆಯದು. ಇಂದು ಒಣಗಿದ ಅಂತರ್ಜಲವನ್ನು ನಾಳೆ ತುಂಬುವುದು ಕಷ್ಟ. ಚಂದ್ರನಾದರೋ ನೂರು ವರ್ಷ ಬಿಟ್ಟು ಹೋದರೂ ಅಲ್ಲಿಯೇ ಇರುತ್ತಾನೆ.

ಈ ವಾದವು ಜಗತ್ತಿಗೆ ಹೊಸತಲ್ಲ. 1969ರ ಜುಲೈ 15ರಂದು, ಮಾನವನನ್ನು ಮೊದಲ ಬಾರಿಗೆ ಚಂದ್ರನ ಮೇಲೆ ಇಳಿಸಿದ ಅಪೋಲೋ-11 ಹೊರಡುವುದಕ್ಕೆ ಒಂದು ದಿನ ಮೊದಲು, ಅಮೆರಿಕದ ಕರಿಯ ಜನಾಂಗದ ನಾಯಕರಾದ ರಾಲ್ಫ್ ಅಬರ್ನ್ಯಾಥಿಯವರು ಬಡ ಕುಟುಂಬಗಳನ್ನೂ ಹೇಸರಗತ್ತೆಯ ಬಂಡಿಗಳನ್ನೂ ಕರೆದುಕೊಂಡು ಉಡ್ಡಯನ ಕೇಂದ್ರದ ಬಳಿಗೆ ನಡೆದರು. ಅಂದಿನ ನಾಸಾ ಸಂಸ್ಥೆಯ ಮುಖ್ಯಸ್ಥರಾದ ಥಾಮಸ್ ಪೇನ್ ಅವರು ತಾವೇ ಹೊರಗೆ ಬಂದು ಅವರನ್ನು ಕಂಡರು. ರಾಕೆಟ್ಟನ್ನು ಹಾರಿಸದೆ ಇರುವುದರಿಂದ ಬಡತನ ನೀಗುವುದಾದರೆ ತಾವು ಹಾರಿಸುವುದಿಲ್ಲ ಎಂಬ ಅರ್ಥದ ಮಾತನ್ನಾಡಿದರು. ಮರುವರ್ಷ, 1970ರಲ್ಲಿ, ಜಾಂಬಿಯಾದಲ್ಲಿ ಸೇವೆ ಸಲ್ಲಿಸುತ್ತಿದ್ದ ಒಬ್ಬ ಕ್ರೈಸ್ತ ಸನ್ಯಾಸಿನಿಯು ಹಸಿದ ಮಕ್ಕಳ ಪರವಾಗಿ ಇದೇ ಪ್ರಶ್ನೆಯನ್ನು ನಾಸಾದ ವಿಜ್ಞಾನಿ ಅರ್ನ್ಸ್ಟ್ ಸ್ಟುಲಿಂಗರ್ ಅವರಿಗೆ ಬರೆದು ಕೇಳಿದರು. ಅವರು ಉತ್ತರದಲ್ಲಿ ಒಂದು ಕಥೆಯನ್ನು ಹೇಳಿದರು: ಹಿಂದೆ ಜರ್ಮನಿಯಲ್ಲಿ ಪಿಡುಗಿನ ಕಾಲದಲ್ಲಿ, ಒಬ್ಬ ಉದಾರ ಪ್ರಭುವು ಗಾಜನ್ನು ಉಜ್ಜಿ ಮಸೂರ ಮಾಡುತ್ತಿದ್ದವನನ್ನು ಪೋಷಿಸಿದನು, ಬಡವರಿಗೆ ಕೊಡಬೇಕಾದ ಹಣ ಹಾಳಾಯಿತೆಂದು ಜನ ಮುನಿದರು, ಮುಂದೆ ಆ ಮಸೂರದಿಂದಲೇ ಸೂಕ್ಷ್ಮದರ್ಶಕ ಹುಟ್ಟಿ ವೈದ್ಯಶಾಸ್ತ್ರಕ್ಕೆ ಕಣ್ಣು ಬಂದಿತು. ಕಥೆ ಸೊಗಸಾಗಿದೆ. ಆದರೆ ಮಸೂರವು ವೈದ್ಯನ ಕೈಗೆ ತಲುಪಿದಾಗ ಮಾತ್ರ ಅದು ನಿಜವಾಗುತ್ತದೆ ಎಂಬುದನ್ನು ಮರೆಯಲಾಗದು.

ಉತ್ತರಪಕ್ಷ

ಭಾರತದ ಗಗನವಿಜ್ಞಾನವು ಹುಟ್ಟಿದಾಗಲೇ ಈ ಆಕ್ಷೇಪವನ್ನು ಎದುರಿಸಿತು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ಟು ಹಾರಿತು. 1969ರ ಆಗಸ್ಟ್ 15ರಂದು ಇಸ್ರೋ ಸ್ಥಾಪನೆಯಾಯಿತು. ಅದರ ಪಿತಾಮಹರಾದ ವಿಕ್ರಂ ಸಾರಾಭಾಯಿಯವರು, ಶ್ರೀಮಂತ ರಾಷ್ಟ್ರಗಳೊಡನೆ ಚಂದ್ರ–ಗ್ರಹಗಳ ಯಾತ್ರೆಯಲ್ಲಿ ಸ್ಪರ್ಧಿಸುವುದು ದೇಶದ ಉದ್ದೇಶವಲ್ಲ, ಜನರ ನಿಜವಾದ ಕಷ್ಟಗಳಿಗೆ ಉನ್ನತ ತಂತ್ರವಿದ್ಯೆಯನ್ನು ಬಳಸುವುದೇ ಉದ್ದೇಶವೆಂದು ಸ್ಪಷ್ಟವಾಗಿ ಸಾರಿದ್ದರು. 1975ರ ಏಪ್ರಿಲ್ 19ರಂದು ಹಾರಿದ ಪ್ರಥಮ ಉಪಗ್ರಹ ‘ಆರ್ಯಭಟ’ವು ಬೆಂಗಳೂರಿನ ಪೀಣ್ಯದಲ್ಲಿ, ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾಯಿತು.

ಸಾರಾಭಾಯಿಯವರ ಮಾತಿನ ಮೊದಲ ದೊಡ್ಡ ಪರೀಕ್ಷೆಗೆ ಒಡ್ಡಿಕೊಂಡ ಭೂಮಿಗಳಲ್ಲಿ ಕಲಬುರಗಿ ಜಿಲ್ಲೆಯೂ ಒಂದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ, ‘ಸೈಟ್’ ಎಂದು ಪ್ರಸಿದ್ಧವಾದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿಕೊಂಡಿತು. ಕರ್ನಾಟಕದಲ್ಲಿ ಆಯ್ಕೆಯಾದವು ಅಂದಿನ ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಬೆಂಗಳೂರಿನ ನಾಗರಿಕರು ಇನ್ನೂ ದೂರದರ್ಶನವನ್ನು ಕಾಣದಿದ್ದ ಕಾಲದಲ್ಲಿ, ಕೋಳಿಗೂಡಿನ ಜಾಲರಿಯಂತಹ ತಂತಿಬಲೆಯ ಬಟ್ಟಲನ್ನು ಆಕಾಶಕ್ಕೆ ತೋರಿಸಿ, ಶಾಲೆಯಂತಹ ಸಾರ್ವಜನಿಕ ಸ್ಥಳದಲ್ಲಿ ಕುಳಿತು, ಈ ಜಿಲ್ಲೆಗಳ ರೈತರು ಕನ್ನಡದಲ್ಲಿಯೇ ಬೇಸಾಯದ, ಆರೋಗ್ಯದ, ನೈರ್ಮಲ್ಯದ ಪಾಠಗಳನ್ನು ನೋಡಿದರು. ಮುಂಜಾನೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಎಂದು ಕಾರ್ಯಕ್ರಮಗಳನ್ನು ವಿಂಗಡಿಸಲಾಗಿತ್ತು.

ಉಪಗ್ರಹವು ಅಮೆರಿಕದಿಂದ ಕಡ ತಂದದ್ದು. ವರ್ಷ ತುಂಬಿದೊಡನೆ ಅವರು ಅದನ್ನು ಬೇರೆಡೆಗೆ ಸರಿಸಿದರು. ಆದರೂ ಪ್ರಯೋಗ ವ್ಯರ್ಥವಾಗಲಿಲ್ಲ. ಅದರ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ತೆರೆಯಿತು. ಕಡ ತಂದ ಕಣ್ಣು ಎಷ್ಟು ದಿನ ಎಂಬ ಅರಿವೇ ಸ್ವಂತ ಉಪಗ್ರಹಗಳಿಗೆ ದಾರಿಮಾಡಿತು. 1983ರಲ್ಲಿ ಇನ್‌ಸ್ಯಾಟ್-1ಬಿ ಸಂಪರ್ಕಕ್ಕೂ ಹವಾಮಾನಕ್ಕೂ ನೆರವಾಯಿತು. 1988ರ ಮಾರ್ಚ್ 17ರಂದು ಹಾರಿದ ಐ.ಆರ್.ಎಸ್.-1ಎ ಭೂಮಿಯ ಬೆಳೆ, ಕಾಡು, ನೀರುಗಳನ್ನು ಮೇಲಿನಿಂದ ಅಳೆಯತೊಡಗಿತು.

ಆ ಅಳತೆಯ ಫಲ ಈ ಸೀಮೆಗೂ ಬಂದಿದೆ. ಕುಡಿಯುವ ನೀರಿನ ರಾಷ್ಟ್ರೀಯ ಯೋಜನೆಗಾಗಿ ಉಪಗ್ರಹದ ಚಿತ್ರಗಳಿಂದ ಅಂತರ್ಜಲ ಸಿಗಬಹುದಾದ ಸ್ಥಳಗಳ ನಕಾಶೆಗಳನ್ನು ತಯಾರಿಸಲಾಯಿತು. ಕರ್ನಾಟಕದ ಸುಜಲ ಜಲಾನಯನ ಯೋಜನೆಯ ಮೂರನೆಯ ಹಂತದಲ್ಲಿ ಕಲಬುರಗಿ ಜಿಲ್ಲೆಯೂ ಸೇರಿತ್ತು. ಅಲ್ಲಿ ಉಪಗ್ರಹದ ಚಿತ್ರವನ್ನು ಆಧರಿಸಿ ಹೊಲಹೊಲದ ಮಣ್ಣಿನ ಗುಣವನ್ನು ದಾಖಲಿಸಿದರು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ, ಸುಮಾರು 135 ಚದರ ಕಿಲೋಮೀಟರಿನ ಚಿಂಚೋಳಿಯ ಕಾಡಿನಂತಹ ಅರಣ್ಯಗಳಲ್ಲಿ ಬೆಂಕಿ ಬಿದ್ದರೆ ಅದರ ಸುಳಿವನ್ನು ಉಪಗ್ರಹಗಳೇ ಕೊಡುತ್ತವೆ. 2016ರಲ್ಲಿ ಕೇಂದ್ರದ ಗಣಿ ಸಚಿವಾಲಯವು ಆರಂಭಿಸಿದ ನಿಗಾ ವ್ಯವಸ್ಥೆಯು ಗಣಿಗುತ್ತಿಗೆಯ ಎಲ್ಲೆಯಿಂದ 500 ಮೀಟರಿನವರೆಗೆ ನೆಲದಲ್ಲಾಗುವ ಬದಲಾವಣೆಯನ್ನು ಉಪಗ್ರಹದಿಂದ ಗಮನಿಸಿ, ಅಕ್ರಮದ ಶಂಕೆಯಿದ್ದಲ್ಲಿ ಎಚ್ಚರಿಸುತ್ತದೆ. 2025ರ ಜುಲೈ 30ರಂದು ಭಾರತ–ಅಮೆರಿಕಗಳು ಕೂಡಿ ಹಾರಿಸಿದ ‘ನಿಸಾರ್’ ಉಪಗ್ರಹದ ರಾಡಾರ್, ಮೋಡವಿರಲಿ ಕತ್ತಲೆಯಿರಲಿ, ಹನ್ನೆರಡು ದಿನಗಳಿಗೊಮ್ಮೆ ಅದೇ ನೆಲವನ್ನು ಮತ್ತೆ ನೋಡಿ ಅದರ ಕುಸಿತ–ಉಬ್ಬರಗಳನ್ನು ಗುರುತಿಸಲೆಂದೇ ರಚಿತವಾದುದು. ಹೀಗಿರುವಾಗ ‘ಗಗನ’ ಮತ್ತು ‘ಭೂಮಿ’ ಎಂದು ಎರಡು ಪಂಗಡ ಮಾಡುವುದೇ ಅಷ್ಟು ಸರಿಯಲ್ಲವೆಂದು ಉತ್ತರಪಕ್ಷದವರು ಹೇಳುತ್ತಾರೆ.

ಲೆಕ್ಕದ ಮಾತು

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಶ್ರಯದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದುದನ್ನು ಕನ್ನಡಿಗರೆಲ್ಲರೂ ಬಲ್ಲರು. ಅದೇ ಅರಸನನ್ನು ಸ್ಮರಿಸಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ, ಕೇವಲ ಗಣಿತಕ್ಕೇ ಮೀಸಲಾದ ಗ್ರಂಥವನ್ನು ರಚಿಸಿದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅಂತಹ ನೆಲದಲ್ಲಿ ಈ ಪ್ರಶ್ನೆಯನ್ನು ಭಾವಾವೇಶದಿಂದಲ್ಲ, ಲೆಕ್ಕದಿಂದ ನೋಡುವುದೇ ಯೋಗ್ಯ.

ಚಂದ್ರಯಾನ-3ರ ವೆಚ್ಚ ಸುಮಾರು 615 ಕೋಟಿ ರೂಪಾಯಿ. ದೇಶದ 140 ಕೋಟಿ ಜನರಿಗೆ ಹಂಚಿದರೆ ತಲೆಗೆ ನಾಲ್ಕೂವರೆ ರೂಪಾಯಿಯೂ ಆಗದು. 2024–25ನೆಯ ಸಾಲಿನ ಕೇಂದ್ರ ಆಯವ್ಯಯವು ಸುಮಾರು 48.2 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ ತೋರಿಸಿದ ಹಣ ಸುಮಾರು 13,000 ಕೋಟಿ, ಅಂದರೆ ನೂರು ರೂಪಾಯಿಗೆ 27 ಪೈಸೆ. ಪರಿಸರ, ಅರಣ್ಯ ಸಚಿವಾಲಯಕ್ಕೆ ತೋರಿಸಿದ್ದು ಸುಮಾರು 3,300 ಕೋಟಿ, ಅಂದರೆ 7 ಪೈಸೆ. ಇಷ್ಟನ್ನೇ ನೋಡಿದವರು ‘ಗಗನಕ್ಕೆ ನಾಲ್ಕು ಪಾಲು, ಭೂಮಿಗೆ ಒಂದು ಪಾಲು’ ಎಂದು ಮರುಗುವುದು ಸಹಜವೇ.

ಆದರೆ ಭೂಮಿಯ ಹಣವೆಲ್ಲವೂ ಆ ಒಂದು ಸಚಿವಾಲಯದಲ್ಲಿ ಇರುವುದಿಲ್ಲ. ಮನೆಮನೆಗೆ ನಲ್ಲಿಯ ನೀರು ಒದಗಿಸುವ ಜಲಜೀವನ ಯೋಜನೆಯೊಂದಕ್ಕೇ ಅದೇ ಸಾಲಿನಲ್ಲಿ ಸುಮಾರು 70,000 ಕೋಟಿ ರೂಪಾಯಿಗಳನ್ನು ಇಡಲಾಗಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಪರಿಷ್ಕೃತ ಅಂದಾಜಿನಲ್ಲಿ ಆ ಮೊತ್ತವು ಸುಮಾರು 22,700 ಕೋಟಿಗೆ ಇಳಿಯಿತು. ನೀರಿಗೆಂದು ಎತ್ತಿಟ್ಟು ಬಳಸದೆ ಬಿಟ್ಟ ಹಣವು ಇಡೀ ಬಾಹ್ಯಾಕಾಶ ಇಲಾಖೆಯ ಒಂದು ವರ್ಷದ ಹಣದ ಮೂರೂವರೆ ಪಟ್ಟಿಗಿಂತಲೂ ಹೆಚ್ಚು! ಆ ಹಣವನ್ನು ಗಗನವು ಕಸಿದುಕೊಳ್ಳಲಿಲ್ಲ. ರಾಕೆಟ್ಟುಗಳನ್ನೆಲ್ಲ ನಿಲ್ಲಿಸಿದ್ದರೂ ಅದು ಹಳ್ಳಿಯ ನಲ್ಲಿಯಲ್ಲಿ ನೀರಾಗಿ ಹರಿಯುತ್ತಿತ್ತೆಂದು ಹೇಳಲು ಆಧಾರವಿಲ್ಲ. ಪೂರ್ವಪಕ್ಷದ ಎರಡನೆಯ ಮಾತು ಇಲ್ಲಿ ದುರ್ಬಲವಾಗುತ್ತದೆ.

ಕಣ್ಣಿನ ಮಿತಿ

ಹಾಗೆಂದು ಉತ್ತರಪಕ್ಷವೂ ನಿರ್ದೋಷವೆಂದು ತಿಳಿಯಬಾರದು. ಉಪಗ್ರಹವು ಕಣ್ಣೇ ಹೊರತು ಕೈಯಲ್ಲ. ಕಣ್ಣಿಗೂ ಮಿತಿಯುಂಟು.

ಜಗತ್ತಿನ ಒಂದು ನಿದರ್ಶನ: ಅಂಟಾರ್ಕ್ಟಿಕದ ಮೇಲೆ ಓಜೋನ್ ಪದರ ತೆಳುವಾಗುತ್ತಿರುವುದನ್ನು 1985ರಲ್ಲಿ ಲೋಕಕ್ಕೆ ತಿಳಿಸಿದವರು ಹಿಮದ ನೆಲದ ಮೇಲೆ ನಿಂತು, ವರ್ಷಗಟ್ಟಲೆ ಒಂದೇ ಉಪಕರಣದಿಂದ ಅಳತೆ ಮಾಡುತ್ತಿದ್ದ ಬ್ರಿಟಿಷ್ ವಿಜ್ಞಾನಿಗಳು. ಉಪಗ್ರಹವು ಬಳಿಕ ಅದರ ವಿಸ್ತಾರವನ್ನು ತೋರಿಸಿತು. ಎರಡೂ ಕೂಡಿದುದರಿಂದಲೇ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಸಾಧ್ಯವಾಗಿ, ಓಜೋನನ್ನು ಕೆಡಿಸುವ ರಾಸಾಯನಿಕಗಳಿಗೆ ಕಡಿವಾಣ ಬಿದ್ದಿತು.

ಹತ್ತಿರದ ನಿದರ್ಶನ: 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತಮುತ್ತ ನೆಲದೊಳಗಿಂದ ಸದ್ದು ಕೇಳಿಬಂದು ಭೂಮಿ ಮತ್ತೆ ಮತ್ತೆ ನಡುಗಿತು. ಜನರು ಹೆದರಿ ಮನೆಯ ಹೊರಗೆ ರಾತ್ರಿ ಕಳೆದರು. ಅಂತಹ ಸಣ್ಣ ಕಂಪನಗಳ ಮೂಲವನ್ನು ಅರಿಯಲು ಆಕಾಶದ ಕ್ಯಾಮೆರಾ ಸಾಲದು. ಆ ಊರಿನ ನೆಲದಲ್ಲಿಯೇ ಕಂಪನಮಾಪಕ ಬೇಕು, ಕಲ್ಲಿನ ಬಿರುಕಿನಲ್ಲಿ ಮಳೆನೀರು ಇಳಿಯುವ ಬಗೆಯ ಅಧ್ಯಯನ ಬೇಕು. ಹಾಗೆಯೇ 2022ರ ಹಂಗಾಮಿನಲ್ಲಿ ಈ ಜಿಲ್ಲೆಯ ತೊಗರಿಗೆ ನೆಟೆರೋಗ ತಗುಲಿ ರೈತರು ಕಂಗಾಲಾದರು. ಮಣ್ಣಿನಲ್ಲಿರುವ ಶಿಲೀಂಧ್ರವು ಬೇರಿನಿಂದ ಹೊಕ್ಕು ಗಿಡದ ನೀರಿನ ನಾಳಗಳನ್ನು ಕಟ್ಟುವುದೇ ಆ ರೋಗ. ಹೊಲ ಒಣಗಿದ ಮೇಲೆ ಉಪಗ್ರಹವು ಅದನ್ನು ಕಾಣಬಲ್ಲದು; ಆದರೆ ಬೆಳೆ ಬದಲಿಸುವುದು, ಬೀಜೋಪಚಾರ ಮಾಡುವುದು, ರೋಗ ತಡೆಯುವ ತಳಿ ಬಿತ್ತುವುದು ರೈತನ ಕೈಯ ಕೆಲಸ. ಬಂಗಾಳಕೊಲ್ಲಿಯ ವಾಯುಭಾರ ಕುಸಿತವನ್ನು ಹವಾಮಾನದ ಉಪಗ್ರಹವು ದಿನಗಳ ಮೊದಲೇ ಕಾಣಬಲ್ಲದು. ಆ ಸುದ್ದಿ ಕಾಗಿಣೆಯ ದಂಡೆಯ ಕೊನೆಯ ಮನೆಗೆ ರಾತ್ರಿಯೊಳಗೆ ಮುಟ್ಟದಿದ್ದರೆ ಅದು ಕಂಡೂ ಕಾಣದಂತೆಯೇ.

ಕಾಲಡಿಯ ನಿಧಿ

ಕೈಗೆ ಬೇಕಾದ ಹಣ ಎಲ್ಲಿಂದ ಬರಬೇಕು? ಈ ಸೀಮೆಯ ಮಟ್ಟಿಗೆ ಅದರ ಉತ್ತರ ಆಕಾಶದಲ್ಲಿಲ್ಲ, ಕಾಲಡಿಯಲ್ಲಿದೆ. 2015ರಲ್ಲಿ ತಿದ್ದುಪಡಿಯಾದ ಗಣಿ ಕಾಯಿದೆಯ ಪ್ರಕಾರ, ಗಣಿಯುಳ್ಳ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು. ಗಣಿಗುತ್ತಿಗೆದಾರರು ಸರ್ಕಾರಕ್ಕೆ ಕೊಡುವ ರಾಜಧನವಲ್ಲದೆ, ಹಳೆಯ ಗುತ್ತಿಗೆಯಾದರೆ ಆ ರಾಜಧನದ ನೂರಕ್ಕೆ 30ರಷ್ಟನ್ನು, ಹರಾಜಿನಿಂದ ಪಡೆದ ಹೊಸ ಗುತ್ತಿಗೆಯಾದರೆ ನೂರಕ್ಕೆ 10ರಷ್ಟನ್ನು ಈ ಪ್ರತಿಷ್ಠಾನಕ್ಕೆ ಸಲ್ಲಿಸಬೇಕು. ಸಿಮೆಂಟಿನ ಸುಣ್ಣಗಲ್ಲಿಗೆ 2014ರಲ್ಲಿ ನಿಗದಿಯಾದ ರಾಜಧನ ಟನ್ನಿಗೆ 80 ರೂಪಾಯಿ. ಆ ದರದಂತೆ ಹಳೆಯ ಗುತ್ತಿಗೆಯ ಪ್ರತಿ ಟನ್ನಿನಿಂದ 24 ರೂಪಾಯಿ, ಹತ್ತು ಲಕ್ಷ ಟನ್ನಿಗೆ 2 ಕೋಟಿ 40 ಲಕ್ಷ ರೂಪಾಯಿ ಜಿಲ್ಲೆಯ ನಿಧಿಗೆ ಬರುತ್ತದೆ. ಒಂದು ದೊಡ್ಡ ಕಾರ್ಖಾನೆಯು ವರ್ಷದಲ್ಲಿ ಹಲವು ಹತ್ತು ಲಕ್ಷ ಟನ್ ಕಲ್ಲನ್ನು ಬಳಸುತ್ತದೆ.

ಈ ನಿಧಿಯ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಕುಡಿಯುವ ನೀರು, ಪರಿಸರ ರಕ್ಷಣೆ ಮತ್ತು ಮಾಲಿನ್ಯ ನಿಯಂತ್ರಣ, ಆರೋಗ್ಯ, ಶಿಕ್ಷಣ ಮೊದಲಾದ ಆದ್ಯತೆಯ ಕಾರ್ಯಗಳಿಗೇ, ಗಣಿಯಿಂದ ಬಾಧಿತವಾದ ಊರುಗಳಲ್ಲಿಯೇ ವಿನಿಯೋಗಿಸಬೇಕೆಂದು ಪ್ರಧಾನ ಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ನಿಯಮವಿದೆ. ಅದರ ವಾರ್ಷಿಕ ವರದಿಯನ್ನು ಸಾರ್ವಜನಿಕರ ಮುಂದೆ ಇಡಬೇಕೆಂದೂ ವಿಧಿಯಿದೆ. ಗ್ರಾಮಸಭೆಗೂ ಅದರಲ್ಲಿ ಪಾತ್ರವುಂಟು. ಹೀಗೆ ಕಲ್ಲು ಕೊಟ್ಟ ನೆಲಕ್ಕೆ ಕಲ್ಲಿನಿಂದಲೇ ಬರಬೇಕಾದ ಋಣವೊಂದು ಕಾಯಿದೆಯಲ್ಲಿ ಬರೆದಿರುವಾಗ, ಅದರ ಲೆಕ್ಕವನ್ನು ಕೇಳದೆ ಚಂದ್ರಯಾನದ ಲೆಕ್ಕವನ್ನು ಕೇಳುವುದು, ಕೈಯಲ್ಲಿ ಬೆಣ್ಣೆ ಹಿಡಿದು ತುಪ್ಪಕ್ಕೆ ಊರೆಲ್ಲ ಅಲೆದಂತೆ.

ಸಿದ್ಧಾಂತ

ಇಷ್ಟನ್ನೂ ತೂಗಿ ನೋಡಿದರೆ ಫಲಿಸುವ ಸಿದ್ಧಾಂತವಿದು. ಉದ್ದೇಶದಲ್ಲಿ ಭೂಮಿಯೇ ಮೊದಲು, ಇದರಲ್ಲಿ ಸಂಶಯವಿಲ್ಲ. ಆದರೆ ಸಾಧನದಲ್ಲಿ ಗಗನವನ್ನು ಬಿಡುವುದು ಭೂಮಿಗೇ ಹಾನಿ. ಆದುದರಿಂದ ಬಾಹ್ಯಾಕಾಶದ ಕಾರ್ಯಗಳಲ್ಲಿಯೇ ಒಂದು ತಾರತಮ್ಯ ಇರಬೇಕು. ಮಳೆ, ಬೆಳೆ, ನೀರು, ಕಾಡು, ಗಣಿಗಳನ್ನು ನೋಡುವ ಉಪಗ್ರಹಗಳಿಗೆ ಅಗ್ರಸ್ಥಾನ. ಚಂದ್ರಯಾನದಂತಹ, ಮಿತವ್ಯಯದ, ಜ್ಞಾನಕ್ಕಾಗಿ ನಡೆಯುವ ಅನ್ವೇಷಣೆಗೆ ಎರಡನೆಯ ಸ್ಥಾನ. ಜ್ಞಾನದ ಹಸಿವೂ ಮನುಷ್ಯನ ಹಸಿವೇ ಆದುದರಿಂದ ಅದನ್ನು ಪೂರ್ತಿ ಅಡಗಿಸಲಾಗದು. ಮಾನವರನ್ನೇ ಗಗನಕ್ಕೆ ಒಯ್ಯುವ ಯೋಜನೆಗೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರವು ಒಟ್ಟು 20,193 ಕೋಟಿ ರೂಪಾಯಿಗಳಿಗೆ ಒಪ್ಪಿಗೆ ನೀಡಿದೆ. ಇದರಿಂದ ಹಲವು ವಿದ್ಯೆಗಳು ಬೆಳೆಯುವುದು ನಿಜ. ಆದರೂ ಹಣದ ಬಿಗಿ ಬಂದ ವರ್ಷ ಯಾವುದಾದರೊಂದನ್ನು ಮುಂದೂಡಬೇಕಾದರೆ ಮುಂದೂಡತಕ್ಕದ್ದು ಇದನ್ನೇ ಹೊರತು ಭೂಮಿಯನ್ನು ಕಾಯುವ ಉಪಗ್ರಹವನ್ನಲ್ಲ. ಕೀರ್ತಿಯು ಕಾಯಬಲ್ಲದು, ಬಾವಿಯ ನೀರು ಕಾಯಲಾರದು.

ಇನ್ನು ಕಣ್ಣಿಗೂ ಕೈಗೂ ನಡುವೆ ಇರುವ ತೆರಪನ್ನು ತುಂಬುವವರು ಯಾರು? ಸರ್ಕಾರದ ಹೊಣೆ ಇದ್ದೇ ಇದೆ. ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ; ಇಸ್ರೋ 2009ರಲ್ಲಿ ತೆರೆದ ‘ಭುವನ್’ ಎಂಬ ನಕಾಶೆಯ ಭಂಡಾರವು ಎಲ್ಲರಿಗೂ ಲಭ್ಯವಿದೆ. ಆದರೆ ಅವುಗಳನ್ನು ಓದಬಲ್ಲವರು ಹಳ್ಳಿಯಲ್ಲಿ ಇರಬೇಕು. ಹಾಗೆ ಓದಬಲ್ಲವರನ್ನು ತಯಾರಿಸುವ ಸ್ಥಾನವೇ ಶಾಲೆ. ಅರ್ಧ ಶತಮಾನದ ಹಿಂದೆ ಇದೇ ಜಿಲ್ಲೆಯ ಹಳ್ಳಿಗಳಿಗೆ ಉಪಗ್ರಹವು ಪಾಠ ಹೇಳಲು ಬಂದಿತ್ತು. ಈಗ ಉಪಗ್ರಹವು ಹೇಳುವುದನ್ನು ಪರೀಕ್ಷಿಸಿ, ‘ಇದು ನಿಜ, ಇದು ಸಾಲದು’ ಎನ್ನುವ ಮಕ್ಕಳು ಬೇಕು.

ಅದಕ್ಕೆ ಬೇಕಾಗುವ ವೆಚ್ಚ ಅಲ್ಪ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ; ಊರಿನ ನಾಲ್ಕು ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಬರೆಯುವ ಒಂದು ದಪ್ಪ ಪುಸ್ತಕ; ನೀರಿನ ಗಡಸುತನವನ್ನೂ ಫ್ಲೋರೈಡನ್ನೂ ಪರೀಕ್ಷಿಸುವ ಸಾಮಗ್ರಿ; ಭುವನ್ ನಕಾಶೆಯಲ್ಲಿ ತಮ್ಮ ಹೊಲವನ್ನೂ, ಪಕ್ಕದ ಗಣಿಯನ್ನೂ, ಹೂಳು ತುಂಬಿದ ಕೆರೆಯನ್ನೂ ಗುರುತಿಸುವ ವಾರದ ಒಂದು ತರಗತಿ. ಅಧ್ಯಾಪಕರು ಇದನ್ನು ಕಲಿಸಬಲ್ಲರು. ಇಂಜಿನಿಯರರೂ ವಕೀಲರೂ ಆಗಿ ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಖನಿಜ ನಿಧಿಯ ವಾರ್ಷಿಕ ವರದಿಯನ್ನು ಓದಿ, ಊರವರಿಗೆ ತಿಳಿಗನ್ನಡದಲ್ಲಿ ವಿವರಿಸಬಲ್ಲರು. ಕಟ್ಟಡಕ್ಕೆ ಕಲ್ಲು ಕೊಡುವ ದಾನಿಗಳು ಕಲ್ಲು ತೆಗೆದ ನೆಲದ ಲೆಕ್ಕ ಬರೆಯುವ ಮಕ್ಕಳಿಗೂ ಇಷ್ಟು ನೆರವು ನೀಡಬಲ್ಲರು. ಹತ್ತು ವರ್ಷ ತಪ್ಪದೆ ಬರೆದ ಬಾವಿಯ ಲೆಕ್ಕವೊಂದು ಗ್ರಾಮಸಭೆಯ ಮುಂದೆ ಬಂದಾಗ, ಅದನ್ನು ಅಲ್ಲಗಳೆಯುವುದು ಯಾವ ಅಧಿಕಾರಿಗೂ ಯಾವ ಗುತ್ತಿಗೆದಾರನಿಗೂ ಸುಲಭವಾಗದು. ಅಂತಹ ಪುಸ್ತಕವೊಂದು ಈ ಐದು ಊರುಗಳ ಶಾಲೆಗಳಲ್ಲಿ ಬರುವ ಮುಂಗಾರಿನಿಂದಲೇ ಆರಂಭವಾಗಲಿ.